ಒಒಒಒ ಅಂತ ಸಹಿ ಹಾಕಿದವನ ಕತೆ

ಆಲೆಮನೆ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂತ 2016ರಲ್ಲಿ ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆದೆ. ಸ್ವಲ್ಪ ಹೊತ್ತಿಗೇ ನನ್ನ ಚರ್ಚೆ ಪುಟದಲ್ಲಿ, ಅಂದರೆ ಬೇರೆ ಸದಸ್ಯರು ನನ್ನ ಜೊತೆ ಮಾತಾಡೋಕೆ ಇರುವ ಪುಟದಲ್ಲಿ, ಯಾರೋ ಸ್ವಾಗತ ಬರೆದಿದ್ದರು. ಎಂಥಾ ಒಳ್ಳೆ ಜನ ಅಂತ ಖುಷಿಯಾಗಿ ನಮ್ಮ ಊರು, ಕಬ್ಬಿನ ಗದ್ದೆ, ತಾತ, ತಾತನ ಗಾಣ ಎಲ್ಲಾ ವಿವರಿಸಿ ಉದ್ದನೆಯ ಉತ್ತರ ಬರೆದೆ. ಆಮೇಲೆ ಗೊತ್ತಾಯಿತು, ಅದು ಹೊಸಬರಿಗೆಲ್ಲಾ ಅಂಟಿಸುವ ಟೆಂಪ್ಲೇಟು. ಕಲ್ಯಾಣಮಂಟಪದ ಬಾಗಿಲಲ್ಲಿ ಕೈಮುಗಿದು ನಿಂತ ಗೊಂಬೆಯ ಹತ್ತಿರ ಯೋಗಕ್ಷೇಮ ವಿಚಾರಿಸಿದ ಹಾಗಾಯಿತು.

ಆ ಉತ್ತರವಾದರೂ ನೆಟ್ಟಗಿತ್ತಾ? ಮೇಷ್ಟ್ರು ಕಲಿಸಿದ ಹಾಗೆ ಪ್ಯಾರಾದ ಶುರುವಿನಲ್ಲಿ ಒಂದಿಷ್ಟು ಜಾಗ ಬಿಟ್ಟಿದ್ದೆ. ವಿಕಿಯಲ್ಲಿ ಸಾಲಿನ ಮೊದಲಿಗೆ ಒಂದೇ ಒಂದು ಸ್ಪೇಸ್ ಬಿದ್ದರೂ ಸಾಕು, ಇಡೀ ಸಾಲು ಪಕ್ಕದ ತಾಲ್ಲೂಕಿನದ್ದೇನೋ ಅನ್ನೋ ಹಾಗೆ ಬೇರೆಯಾಗಿ ಒಂದು ಪೆಟ್ಟಿಗೆಯೊಳಗೆ ಹೋಗಿ ಕೂತುಬಿಡುತ್ತದೆ.

ಒಬ್ಬ ಹಿರಿಯ ಸಂಪಾದಕರು ಬಂದು "ಕೊನೆಗೆ ನಾಲ್ಕು ಟಿಲ್ಡೆ ಹಾಕಿ, ಸಹಿ ತಾನಾಗೇ ಬೀಳುತ್ತೆ" ಅಂದರು. ಟಿಲ್ಡೆ ಅಂದರೆ ಎಸ್ಕೇಪ್ ಕೀಲಿಯ ಕೆಳಗಿರುವ, ಹುಳು ಹರಿದಂಥ ಆ ಗೀಟು (~). ಆದರೆ ನಾನು ಟೈಪ್ ಮಾಡೋದು ಇನ್‌ಸ್ಕ್ರಿಪ್ಟ್ ಅನ್ನೋ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ. ಅದರಲ್ಲಿ ಶಿಫ್ಟ್ ಹಿಡಿದು ಅದೇ ಕೀಲಿ ಒತ್ತಿದರೆ ಬರೋದು ಒ. ಒಂದು ವಾರ ಕಂಡಕಂಡವರ ಪುಟಕ್ಕೆಲ್ಲಾ ಹೋಗಿ "ನಮಸ್ಕಾರ ಸರ್, ತಪ್ಪಿದ್ದರೆ ತಿಳಿಸಿ. ಒಒಒಒ" ಅಂತ ಬರೆದು ಬಂದೆ. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಮಾತ್ರ "ಆರೋಗ್ಯ ಹೇಗಿದೆ?" ಅಂತ ಕೇಳಿದ್ದರು.

ಅಷ್ಟರಲ್ಲಿ ಆ ಹಿರಿಯರು ನನ್ನ ಪುಟದಲ್ಲಿ "ಆಲೆಮನೆ ಲೇಖನಕ್ಕೆ ಉಲ್ಲೇಖ ಎಲ್ಲಿ?" ಅಂತ ಬರೆದರು. "ನಮ್ಮ ತಾತ ಹೇಳಿದ್ದು ಸರ್, ಸಾಕಾ?" ಅಂತ ಅದರ ಕೆಳಗೇ ಬರೆದು ಕಾದೆ. ಉತ್ತರ ಇಲ್ಲ. ಆಗ ವ್ಯವಸ್ಥೆ ಹೇಗಿತ್ತಂದರೆ, ನಾನು ಬರೆದದ್ದು ಅವರಿಗೆ ಗೊತ್ತಾಗಬೇಕಾದರೆ ಒಂದೋ ಅವರ ಪುಟಕ್ಕೆ ಹೋಗಿ ಬರೆಯಬೇಕು, ಇಲ್ಲಾ ಅವರ ಹೆಸರಿನ ಕೊಂಡಿ ಕೊಟ್ಟು ಕರೆಯಬೇಕು. ನಾನೋ ನಮ್ಮ ಮನೆ ಜಗುಲಿಯಲ್ಲೇ ಕೂತು ಪಕ್ಕದ ಬೀದಿಯವರಿಗೆ ಪಿಸುಗುಟ್ಟುತ್ತಿದ್ದೆ. ಯಾರೋ ಹೇಳಿದ ಮೇಲೆ ಹೆಸರಿನ ಕೊಂಡಿಯನ್ನೂ ಹಾಕಿದೆ. ಆದರೆ ಅದೇ ಸಲ ಸಹಿಯೂ ಬೀಳದಿದ್ದರೆ ಆ ಕರೆ ಹೋಗೋದಿಲ್ಲವಂತೆ. ನನ್ನ ಸಹಿ ಗೊತ್ತಲ್ಲ, ಒಒಒಒ.

ಹದಿನೈದು ದಿನ ಅವರು ನನ್ನನ್ನು ಜಂಭದವನು ಅಂದುಕೊಂಡರು, ನಾನು ಅವರನ್ನು. ಕೊನೆಗೆ ತಡೆಯಲಾರದೆ "ದೊಡ್ಡವರಾದ ಮಾತ್ರಕ್ಕೆ ಉತ್ತರ ಕೊಡಬಾರದು ಅಂತ ಇದೆಯಾ?" ಅಂತ ನನ್ನ ಪುಟದಲ್ಲೇ ಗುಡುಗಿದೆ. ಮಾರನೇ ದಿನ ವಿಷಯ ಅರ್ಥವಾಗಿ, ಯಾರೂ ನೋಡಿರಲಾರರು ಅಂತ ಅಳಿಸಿದೆ. ವಿಕಿಯಲ್ಲಿ ಅಳಿಸೋದು ಅಂದರೆ ಬರೀ ಮುಸುಕು ಎಳೆಯೋದು ಅಷ್ಟೇ. ಇತಿಹಾಸ ಅನ್ನೋ ಟ್ಯಾಬ್ ಒತ್ತಿದರೆ ಗುಡುಗಿದ್ದು, ಅಳಿಸಿದ್ದು, ಎರಡೂ ನಿಮಿಷ ಸಮೇತ ಇವತ್ತಿಗೂ ಅಲ್ಲಿವೆ. ಆ ನಿಮಿಷದ್ದೂ ಒಂದು ಕತೆ. ಟಿಲ್ಡೆ ಹಾಕೋದು ಕಲಿತ ಮೇಲೆ, ಬೆಳಗ್ಗೆ ಹತ್ತಕ್ಕೆ ಬರೆದದ್ದು ಸಹಿಯಲ್ಲಿ ಯುಟಿಸಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದ ಪ್ರಕಾರ 4:30 ಅಂತ ಬೀಳುತ್ತಿತ್ತು. ಅದನ್ನು ನೋಡಿದ ಹೆಂಡತಿ "ಹಾಲು ತರೋಕೆ ಮಾತ್ರ ಎದ್ದೇಳೋಕಾಗಲ್ಲ, ಅಲ್ವಾ?" ಅಂದಳು.

ಈಗ ಉತ್ತರಿಸುವ ಬಟನ್ ಬಂದಿದೆ, ಸಹಿ ತಾನೇ ಬೀಳುತ್ತೆ. ಆದರೂ ಹೋದ ವಾರ ಒಬ್ಬ ಹೊಸ ಸದಸ್ಯರ ಬರಹದ ಕೊನೆಗೆ ಒಒಒಒ ಕಂಡೆ. ಕಳೆದುಹೋದ ತಮ್ಮ ಸಿಕ್ಕಷ್ಟು ಖುಷಿಯಾಗಿ ಅವರ ಪುಟದಲ್ಲಿ ಟಿಲ್ಡೆಯ ಸಂಗತಿಯೆಲ್ಲಾ ಬಿಡಿಸಿ ಬರೆದೆ. ಇನ್ನೂ ಉತ್ತರ ಇಲ್ಲ. ಅಲ್ಲೇ ತಮ್ಮ ಜಗುಲಿಯಲ್ಲಿ ಬರೆದುಕೊಂಡು ಕೂತಿದ್ದಾರೋ ಏನೋ, ಸಂಜೆ ಒಂದು ಸಲ ಹೋಗಿ ನೋಡಿ ಬರಬೇಕು.