ಜೇಡದ ಕೊನೆಯ ಕಾಲು

ಬೇಸಿಗೆ ಮಧ್ಯಾಹ್ನ ಚಿತ್ರದುರ್ಗದಲ್ಲಿ ಕರೆಂಟ್ ಹೋದರೆ ಮನೆಯೊಳಗೆ ಕೂರಲೂ ಆಗಲ್ಲ, ಹೊರಗೆ ಕಾದ ಬಂಡೆಗಳ ನಡುವೆ ಓಡಾಡಲೂ ಆಗಲ್ಲ. ಅಂಥ ಹೊತ್ತಲ್ಲಿ ಅಕ್ಕನ ಮಗ ಲ್ಯಾಪ್‌ಟಾಪನ್ನು ನನ್ನ ತೊಡೆ ಮೇಲಿಟ್ಟು, "ಮಾವ, ಬ್ಯಾಟರಿ ಇರೋವರೆಗೂ ಆಡಿ" ಅಂದ.

ಆಟದ ಹೆಸರು ಲಿಂಬೋ. ಡೆನ್ಮಾರ್ಕಿನ ಕಂಪನಿಯೊಂದು 2010ರಲ್ಲಿ ತಂದದ್ದು. ಕಪ್ಪು ಕಾಡು, ಅದರಲ್ಲಿ ಕಣ್ಣು ಮಾತ್ರ ಬೆಳ್ಳಗೆ ಹೊಳೆಯುವ ಒಬ್ಬ ಹುಡುಗ. ತೊಗಲುಗೊಂಬೆಯ ನೆನಪಾಯಿತು. ಆದರೆ ತೊಗಲುಗೊಂಬೆಗೆ ಬಣ್ಣವಿದೆ, ಹಿಂದೆ ನಿಂತು ಹಾಡಿ ಮಾತಾಡುವವರಿದ್ದಾರೆ. ಇಲ್ಲಿ ಒಂದು ಮಾತೂ ಇಲ್ಲ.

"ಏನ್ ಮಾಡ್ಬೇಕೋ?"

"ಹೋಗ್ತಾ ಇರಿ, ಗೊತ್ತಾಗುತ್ತೆ."

ಗೊತ್ತಾಯಿತು, ಹತ್ತಾರು ಸಲ ಸತ್ತ ಮೇಲೆ. ದೊಡ್ಡ ಜೇಡವೊಂದು ಹುಡುಗನನ್ನು ಬೆನ್ನಟ್ಟುತ್ತದೆ. ಬರಬರುತ್ತಾ ಅದರ ಕಾಲುಗಳು ಮುರಿದು ಒಂದೇ ಉಳಿಯುತ್ತದೆ. ಮುಂದೆ ಮೊಳೆ ತುಂಬಿದ ಗುಂಡಿ. ದಾಟಬೇಕಾದರೆ ಆ ಕೊನೆಯ ಕಾಲನ್ನು ಹಿಡಿದೆಳೆದು ಕೀಳಬೇಕು, ಉಳಿದ ಮೈಯನ್ನು ಗುಂಡಿಗೆ ಉರುಳಿಸಿ ಅದನ್ನೇ ತುಳಿದು ಹೋಗಬೇಕು. ಅಷ್ಟು ಹೊತ್ತು ನನ್ನನ್ನು ಕೊಂದ ಪ್ರಾಣಿಯೇ, ಸರಿ. ಆದರೂ ಬಟನ್ ಒತ್ತಿದ ಬೆರಳನ್ನು ಸುಮ್ನೆ ಲುಂಗಿಗೆ ಒರೆಸಿಕೊಂಡೆ.

1987ರ 'ಪುಷ್ಪಕ ವಿಮಾನ' ಸಿನಿಮಾದಲ್ಲೂ ಮಾತಿಲ್ಲ. ಕೆಲಸವಿಲ್ಲದ ಹುಡುಗ, ಕುಡಿದು ಬಿದ್ದ ಸಾಹುಕಾರನನ್ನು ಕಟ್ಟಿಹಾಕಿ ಅವನ ಹೋಟೆಲ್ ರೂಮಿನಲ್ಲಿ ಮೆರೆಯುತ್ತಾನೆ. ನಾವು ನಕ್ಕು ಮನೆಗೆ ಬರುತ್ತೇವೆ. ತಪ್ಪು ಅವನದು, ಟಿಕೆಟ್ ಮಾತ್ರ ನಮ್ಮದು. ನಮ್ಮೂರ ಕೋಟೆಯ ಕಲ್ಲಿನಲ್ಲಿ ಕೆತ್ತಿದ ಹಾವಂತೂ ಹೆಡೆ ಎತ್ತಿದ್ದು ಇಳಿಸಿಯೇ ಇಲ್ಲ. ಕಚ್ಚುತ್ತೋ ಬಿಡುತ್ತೋ, ನಮ್ಮ ಊಹೆಗೆ ಬಿಟ್ಟಿದೆ. ಜೇಡದ ಕಾಲು ಕಿತ್ತವನು ಮಾತ್ರ ನಾನೇ, ಅಲ್ವಾ?

ಮುಂದಿನ ಭಾನುವಾರ ಇಬ್ಬರೂ ಕೋಟೆ ಹತ್ತಿದೆವು. ಓಬವ್ವನ ಕಿಂಡಿಯ ಹತ್ತಿರ ಗೈಡೊಬ್ಬರು ಕಥೆ ಹೇಳುತ್ತಿದ್ದರು: ಕಾವಲುಗಾರ ಗಂಡ ಊಟಕ್ಕೆ ಕೂತದ್ದು, ನೀರಿಗೆ ಬಂದ ಓಬವ್ವ, ಕೈಯಲ್ಲಿ ಒನಕೆ. ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೋ! ಅದನ್ನು ಬಿಟ್ಟು ನಾನು ಕಿಂಡಿಯೊಳಗೆ ನುಗ್ಗಿದೆ. ತಲೆ ಮುಂದೆ, ಎರಡೂ ಕೈ ಬಂಡೆಗೆ. ಕತ್ತೆತ್ತಿ ಮೇಲೆ ನೋಡಲು ಜಾಗವೇ ಇಲ್ಲ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಬಂದದ್ದು ಹೀಗೇ. ಇಷ್ಟು ವರ್ಷ ನಾನು ಈ ಕಥೆಯಲ್ಲಿ ಓಬವ್ವನ ಪಕ್ಕವೇ ನಿಂತಿದ್ದೆ. ಈಗ ಕತ್ತಿನ ಹಿಂಭಾಗ ಜುಮ್ಮೆಂದಿತು.

ಅಕ್ಕನ ಮಗ ಆಗಲೇ ಆಚೆ ಬದಿಗೆ ಹೋಗಿ ಮೊಬೈಲ್ ಹಿಡಿದು ನಿಂತಿದ್ದ.

"ಮಾವ, ಒಂದ್ನಿಮಿಷ ಹಂಗೇ ಇರಿ, ಫೋಟೋ."

"ಬೇಗ ತೆಗಿಯೋ" ಅಂದೆ, ತಲೆ ತಗ್ಗಿಸಿಕೊಂಡೇ.