ಬರೀ ನಕಲು ಅನ್ನಬೇಡಿ

ಟ್ರಿಬ್ಯೂಟ್ ಬ್ಯಾಂಡ್, ಅಂದ್ರೆ ಹೆಸರಾಂತ ತಂಡವೊಂದರ ಹಾಡುಗಳನ್ನೇ ನುಡಿಸುವ ತಂಡ, ಬರೀ ನಕಲು ಅಂತ ಬರೆದಿದ್ದೀರಿ, ನನಗೆ ಅದು ಸರಿ ಅನ್ನಿಸಲಿಲ್ಲ. ಮ್ಯಾಂಚೆಸ್ಟರ್‌ನಲ್ಲಿದ್ದಾಗ ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಹಾಡುಗಳನ್ನು ನುಡಿಸುವ ಆಸ್ಟ್ರೇಲಿಯನ್ ಪಿಂಕ್ ಫ್ಲಾಯ್ಡ್ ಶೋ ನೋಡಿದ್ದೆ. 1988ರಲ್ಲಿ ಅಡಿಲೇಡ್‌ನಲ್ಲಿ ಶುರುವಾದ ತಂಡ ಅದು, 1996ರಲ್ಲಿ ಪಿಂಕ್ ಫ್ಲಾಯ್ಡ್‌ನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ 50ನೇ ಹುಟ್ಟುಹಬ್ಬದ ಪಾರ್ಟಿಯಲ್ಲಿ ನುಡಿಸಿದವರೂ ಇವರೇ. ಅವರಿಗೇ ಇಲ್ಲದ ತಕರಾರು ನಮಗ್ಯಾಕೆ? ಪಿಂಕ್ ಫ್ಲಾಯ್ಡ್‌ನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ 2008ರಲ್ಲೇ ತೀರಿಕೊಂಡರು, ಇನ್ನು ಮೂಲ ತಂಡವನ್ನು ನೋಡುವುದಾದರೂ ಎಲ್ಲಿ?

ಲೇಸರ್, ದುಂಡನೆಯ ಪರದೆ ಎಲ್ಲಾ ಇತ್ತು. ಫ್ಲಾಯ್ಡ್‌ನವರು ತಮ್ಮ ಶೋಗಳಲ್ಲಿ ತೇಲಿಬಿಡುತ್ತಿದ್ದ ಗಾಳಿ ತುಂಬಿದ ದೊಡ್ಡ ಹಂದಿ ಬೊಂಬೆ ಗೊತ್ತಲ್ವಾ, ಇವರು ಅದರ ಜೊತೆಗೆ ಗುಲಾಬಿ ಕಾಂಗರೂ ಬೇರೆ ಎಬ್ಬಿಸಿ ನಿಲ್ಲಿಸುತ್ತಾರೆ! ಟಿಕೆಟ್ ರೇಟು ಜಾಸ್ತಿ ಅಂತ ಗೊಣಗುತ್ತಲೇ ಹೋಗಿದ್ದ ನಾನು, ಗಿಟಾರ್ ಸೋಲೋ ಶುರುವಾದಾಗ ಪಕ್ಕದ ಸೀಟಿನ ಅಜ್ಜನ ಜೊತೆ ಸುಮ್ನೆ ಕಣ್ಣು ಮುಚ್ಚಿ ಕೂತುಬಿಟ್ಟೆ. ಕೊನೆಯ ಟ್ರಾಮ್ ತಪ್ಪಿತು, ನಡೆದೇ ಮನೆಗೆ ಬಂದೆ.