ಅಳಿಯುವ ಜಾಗಕ್ಕೂ ಇಸವಿಯ ಫಲಕ ಬೇಕು

ಊರಿನಿಂದ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಬರುವ ನೆಂಟರು ಮೊದಲೆಲ್ಲ ಸಿನಿಮಾ ಹಾಡುಗಳನ್ನು ಚಿತ್ರೀಕರಿಸಿದ ಜಾಗ ತೋರಿಸಿ ಎನ್ನುತ್ತಿದ್ದರು. ಈಗ ಬರುವವರು ಕೇಳುವುದೇ ಬೇರೆ: ‘ಹಿಮನದಿ ಕರಗಿ ಹೋಗುವುದರೊಳಗೆ ಒಮ್ಮೆ ತೋರಿಸಿಬಿಡಿ.’ ಬೆಂಗಳೂರಿನಿಂದ ಏಳು ಸಾವಿರ ಕಿಲೋಮೀಟರ್ ವಿಮಾನದ ಹೊಗೆ ಬಿಟ್ಟುಕೊಂಡು ಬಂದು, ಕರಗುತ್ತಿರುವ ಮಂಜನ್ನು ನೋಡಿ ಮರುಗುವುದು ವಿಪರ್ಯಾಸವೇ. ಆದರೂ ಹೋಗಬೇಡಿ ಎಂದು ಉಪದೇಶಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಹೋಗಲಿ, ನೋಡಲಿ. ಹೋದವರಿಗೆ ಅಲ್ಲಿ ಏನನ್ನು ತೋರಿಸುತ್ತಾರೆ ಎಂಬುದರ ಬಗ್ಗೆ ಮಾತ್ರ ನನ್ನ ತಕರಾರು.

ಈ ಒಂದೇ ದೇಶದಲ್ಲಿ ತೋರಿಸುವ ಎರಡು ಬಗೆಗಳಿವೆ. ಒಂದು ಫುರ್ಕಾ ಕಣಿವೆದಾರಿಯ ಪಕ್ಕದ ರೋನ್ ಹಿಮನದಿ. ರಸ್ತೆಯ ತಿರುವಿನಲ್ಲಿ 2015ರಲ್ಲಿ ಬಾಗಿಲು ಮುಚ್ಚಿದ ಬೆಲ್ವೆಡೇರ್ ಹೋಟೆಲ್ ಇದೆ. ಒಂದು ಕಾಲದಲ್ಲಿ ಹಿಮನದಿ ಅದರ ಮಗ್ಗುಲಲ್ಲೇ ಇತ್ತು. ಈಗ ಅದು ಹಿಂದೆ ಸರಿದು, ಮುಂದೆ ಒಂದು ಕೆರೆ ನಿಂತಿದೆ. ಪ್ರವಾಸಿಗಳಿಗಾಗಿ ಮಂಜಿನೊಳಗೆ ವರ್ಷವರ್ಷವೂ ಹೊಸದಾಗಿ ಗುಹೆ ಕೊರೆಯುವುದು 19ನೆಯ ಶತಮಾನದಿಂದ ನಡೆದುಬಂದ ಪದ್ಧತಿ. ಗುಹೆ ಬೇಗ ಕರಗದಿರಲೆಂದು ಅದರ ಮೇಲೆ ಬಿಳಿಯ ಹೊದಿಕೆ ಹೊದಿಸುತ್ತಾರೆ. ನಾನು ಹೋದಾಗ ಆ ಬಟ್ಟೆ ಮಣ್ಣು ಮೆತ್ತಿಕೊಂಡು, ಅಂಚು ಹರಿದು ಜೋಲುತ್ತಿತ್ತು. ಅದರಡಿಯಿಂದ ನೀರು ಸೋರುತ್ತಲೇ ಇತ್ತು. ಒಳಗೆ ನೀಲಿ ಗೋಡೆಗಳ ಮುಂದೆ ಫೋಟೊಕ್ಕೆ ನೂಕುನುಗ್ಗಲು. ಹೊದಿಸಿದಷ್ಟು ಜಾಗದಲ್ಲಿ ಕರಗುವುದು ತಗ್ಗುತ್ತದೆ, ನಿಜ. ಆದರೆ ಅದು ಉಳಿಸುವುದು ಟಿಕೆಟ್ ಮಾರುವ ಗುಹೆಯನ್ನು, ಹಿಮನದಿಯನ್ನಲ್ಲ.

ಇನ್ನೊಂದು ಬಗೆ ಮೊರ್ಟೆರಾಟ್ಶ್ ಹಿಮನದಿಯದು. ಬರ್ನಿನಾ ರೈಲಿನಲ್ಲಿ ಹೋಗಿ ಆ ಹೆಸರಿನ ನಿಲ್ದಾಣದಲ್ಲಿ ಇಳಿದರೆ ಹಿಮನದಿಯೇ ಕಾಣುವುದಿಲ್ಲ. ಅದರತ್ತ ಹೋಗುವ ಕಾಲುದಾರಿಯ ಉದ್ದಕ್ಕೂ ಫಲಕಗಳು, ಅವುಗಳ ಮೇಲೆ ಇಸವಿಗಳು. ಆಯಾ ವರ್ಷ ಹಿಮನದಿಯ ತುದಿ ಅಲ್ಲಲ್ಲಿಗೆ ಬಂದು ನಿಂತಿತ್ತು. 1878ರಿಂದ ಅಳತೆ ಇಡುತ್ತಾ ಬಂದಿದ್ದಾರೆ. ಅಂದಿನಿಂದ ಇಂದಿಗೆ ಅದು ಹಿಂದೆ ಸರಿದದ್ದು ಸುಮಾರು ಮೂರು ಕಿಲೋಮೀಟರ್. ಹಳೆಯ ಇಸವಿಗಳ ಬಳಿ ಎತ್ತರದ ಲಾರ್ಚ್ ಮರಗಳಿವೆ. ಮುಂದೆ ಹೋದಂತೆ ಮರಗಳು ಗಿಡಗಳಾಗುತ್ತವೆ, ಗಿಡಗಳು ಮೊಳಕಾಲೆತ್ತರದ ಸಸಿಗಳಾಗುತ್ತವೆ, ಕೊನೆಗೆ ಬರೀ ಜಲ್ಲಿ. ಮೈಸೂರಿನಿಂದ ಬಂದಿದ್ದ ನನ್ನ ಭಾವ, ‘ಇಷ್ಟು ದೂರ ಕರೆದುಕೊಂಡು ಬಂದು ಕಲ್ಲು ತೋರಿಸುತ್ತಿದ್ದೀಯಲ್ಲೋ’ ಎಂದು ಗೊಣಗುತ್ತಲೇ ನಡೆದವರು 1970ರ ಫಲಕದ ಮುಂದೆ ನಿಂತುಬಿಟ್ಟರು. ಅದು ಅವರು ಹುಟ್ಟಿದ ವರ್ಷ. ಅಲ್ಲಿಂದ ಮುಂದೆ ನೋಡಿದರು, ಹಿಂದೆ ನೋಡಿದರು. ‘ನಾನು ಹುಟ್ಟಿದ ಮೇಲೆಯೇ ಇಷ್ಟೆಲ್ಲ ಹೋಯಿತೇ?’ ಎಂದರು. ರೋನ್ ಗುಹೆಯೊಳಗೆ ಅವರು ಕೇಳಿದ್ದು ಕಾಫಿ ಎಲ್ಲಿ ಸಿಗುತ್ತದೆ ಎಂದು. ಭಾವನವರನ್ನು ದೂರುತ್ತಿಲ್ಲ; ಆ ಗುಹೆ ಬೇರೇನನ್ನೂ ಕೇಳಿಸುವಂತಿರಲಿಲ್ಲ.

ಲೆಕ್ಕ ಇಡುವುದರಿಂದ ಹಿಮನದಿ ಉಳಿದುಬಿಡುವುದಿಲ್ಲ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಗಾತ್ರದ ನೂರಕ್ಕೆ ಹತ್ತರಷ್ಟನ್ನು ಕಳೆದುಕೊಂಡವು. ಆದರೆ ಲೆಕ್ಕವಿದ್ದರೆ ಕಳೆದುಕೊಂಡದ್ದಕ್ಕೆ ಒಂದು ತಾರೀಖು ಇರುತ್ತದೆ. ಅಲೆಚ್ ಹಿಮನದಿಯ ಕೆಳಗಿನ ಫೀಶ್ ಊರಿನವರು 17ನೆಯ ಶತಮಾನದಲ್ಲಿ, ಮಂಜು ಬೆಳೆದು ತಮ್ಮ ಮೇಲೆ ಬರದಿರಲೆಂದು ಹರಕೆ ಹೊತ್ತಿದ್ದರು. ಈಗ ಪೋಪರ ಒಪ್ಪಿಗೆ ಪಡೆದು ಅದೇ ಹರಕೆಯನ್ನು ತಿರುಗಿಸಿ, ಕರಗದಿರಲಿ ಎಂದು ಬೇಡುತ್ತಾರೆ. ದೇವರಿಗೂ ಗೊಂದಲವಾಗಿರಬೇಕು.

ಇನ್ನು ನಮ್ಮ ಕಡೆಗೆ ಬರುತ್ತೇನೆ. ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ರೋಸರಿ ಚರ್ಚ್ 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮಳೆಗಾಲಕ್ಕೆ ಮುಳುಗುತ್ತದೆ, ಬೇಸಿಗೆಗೆ ಏಳುತ್ತದೆ. ಸೂರು ಹೋಗಿದೆ. ನೆನೆದು ಒಣಗಿ, ಮತ್ತೆ ನೆನೆದು ಇಟ್ಟಿಗೆ ಸವೆಯುತ್ತಿದೆ. ಗಾರೆಯನ್ನು ಬೆರಳಲ್ಲಿ ಉಜ್ಜಿದರೆ ಪುಡಿ ಉದುರುತ್ತದೆ. ಜನ ಅಲ್ಲಿಗೆ ಹೋಗುವುದೂ ‘ಬೀಳುವ ಮುನ್ನ ನೋಡಿಬಿಡೋಣ’ ಎಂದೇ. ಟಿಕೆಟ್ ಇಲ್ಲ, ಗೇಟಿಲ್ಲ, ಕುರಿ ಕಾಯುವವರೂ ಮದುವೆಗೆ ಮುಂಚಿನ ಫೋಟೊ ತೆಗೆಸುವ ಜೋಡಿಗಳೂ ಒಟ್ಟಿಗೇ ಓಡಾಡುತ್ತಾರೆ. ಈ ಸಲಿಗೆ ನನಗೆ ಇಷ್ಟ. ಸ್ವಿಸ್ ಅಚ್ಚುಕಟ್ಟುತನದಲ್ಲಿ ಅದು ಸಿಗುವುದಿಲ್ಲ. ಆದರೆ ಇದು ಯಾಕೆ ಮುಳುಗಿತು, ಇದರ ಸುತ್ತ ಇದ್ದ ಊರು ಎಲ್ಲಿಗೆ ಹೋಯಿತು ಎಂದು ಹೇಳುವ ಒಂದೇ ಒಂದು ಫಲಕವೂ ನಾನು ಹೋದಾಗ ಕಣ್ಣಿಗೆ ಬೀಳಲಿಲ್ಲ. ಕಮಾನಿನ ಕೆಳಗೆ ನಿಂತ ಹುಡುಗಿಯೊಬ್ಬಳು ಇದು ಭೂಕಂಪದಲ್ಲಿ ಹಾಳಾದದ್ದು ಎಂದು ಗೆಳತಿಗೆ ವಿವರಿಸುತ್ತಿದ್ದಳು.

ಹಂಪಿಯಲ್ಲೂ ಇದೇ ಪಾಡು. ನನಗೆ ಸಿಕ್ಕ ಮಾರ್ಗದರ್ಶಿ 1565ರ ವಿನಾಶವನ್ನು ಕಣ್ಣಿಗೆ ಕಟ್ಟುವಂತೆ ಹೇಳಿದ. 2011ರಲ್ಲಿ ವಿರೂಪಾಕ್ಷ ಬಜಾರಿನ ಮನೆ, ಅಂಗಡಿಗಳನ್ನು ತೆರವುಗೊಳಿಸಿದ್ದನ್ನು ಕೇಳಿದರೆ ಮಾತು ಬದಲಿಸಿದ. ಸುಲ್ತಾನರು ಕೆಡವಿದ್ದಕ್ಕೆ ಇಸವಿ ಉಂಟು, ನಾವೇ ಕೆಡವಿದ್ದಕ್ಕೆ ಇಲ್ಲ.

ಇಸವಿ ಕೆತ್ತಿಸುವುದನ್ನು ನಾವು ಸ್ವಿಸ್ ಜನರಿಂದ ಕಲಿಯಬೇಕಾಗಿಲ್ಲ. ಶಕವರ್ಷ, ಸಂವತ್ಸರ, ತಿಥಿ, ವಾರ ಹಾಕಿ, ಕೆರೆಗೆ ಬಿಟ್ಟ ಗದ್ದೆಯ ಎಲ್ಲೆಯನ್ನೂ ಬರೆಸಿ, ಕೊನೆಗೆ ‘ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು (ಹಸುವನ್ನು) ಕೊಂದ ಪಾಪಕ್ಕೆ ಹೋಗುವನು’ ಎಂದು ಶಾಪ ಹಾಕಿದ ಶಾಸನಗಳು ನಮ್ಮಲ್ಲಿ ಊರೂರಿಗೂ ಇವೆ. ಶಾಪದ ಭಾಗವನ್ನು ಬೇಕಾದರೆ ಬಿಡೋಣ, ಹೇಮಾವತಿ ಅಣೆಕಟ್ಟು ಬೇಕಾಗಿಯೇ ಕಟ್ಟಿದ್ದು. ಹಾಸನ, ತುಮಕೂರು, ಮಂಡ್ಯದ ಗದ್ದೆಗಳಿಗೆ ಆ ನೀರು ಹೋಗುತ್ತದೆ. ಅದೂ ಫಲಕದಲ್ಲಿ ಬರಲಿ.

ಶೆಟ್ಟಿಹಳ್ಳಿಯಲ್ಲಿ ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ಗ್ರಾಮ ಪಂಚಾಯಿತಿಯೇ ಮಾಡಬಹುದಾದ ಕೆಲಸ. ಕಾರು ನಿಲ್ಲಿಸುವ ಜಾಗದಿಂದ ಚರ್ಚಿನತ್ತ ಹೋಗುವ ದಾರಿಯಲ್ಲಿ ಕಲ್ಲು ನೆಡಲಿ: ಕಟ್ಟಿದ ಇಸವಿಗೆ ಒಂದು, 1979ಕ್ಕೆ ಒಂದು, ಆಮೇಲೆ ಬಿದ್ದ ಒಂದೊಂದು ಗೋಡೆಗೂ ಒಂದೊಂದು. 1979ರ ಕಲ್ಲಿನ ಮೇಲೆ ಮುಳುಗಿದ ಊರುಗಳ ಹೆಸರು ಕನ್ನಡದಲ್ಲಿರಲಿ. ಮನೆ ಬಿಟ್ಟು ಎದ್ದುಹೋದವರಲ್ಲಿ ಅಂದು ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತರ ಆಸುಪಾಸು. ಕಡತ ಹುಡುಕುವ ಮೊದಲು ಅವರನ್ನು ಕೇಳಿ ಬರೆಸುವುದು ಒಳ್ಳೆಯದು.